ಸಂಗೀತ ಕೇಳುವ ಕೋಣೆ

ಮಹಡಿಯ ಮೇಲಣ ಕೋಣೆಯೊಂದನ್ನು ಸಂಗೀತ ಕೇಳುವುದಕ್ಕಾಗಿಯೇ ಮೀಸಲಿಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿದ್ದಿತು. ಪಾಠಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ ಅದು ಕೈಗೂಡಿತು. ಕೋಣೆಯು ೧೬ ಅಡಿ ಉದ್ದ, ೧೬ ಅಡಿ ಅಗಲ, ೧೦ ಅಡಿ ಎತ್ತರ. ನೆಲಕ್ಕೆ ನುಣುಪಾದ ಕಲ್ಲು, ಗೋಡೆಗೆ ಸಿಮೆಂಟಿನ ಗಾರೆ, ಮೇಲೆ ಕಾಂಕ್ರೀಟಿನ ತಾರಸಿ. ಇಷ್ಟು ಲಕ್ಷಣವಾದ ಚೌಕ ಕೋಣೆ ಮತ್ತೊಂದಿಲ್ಲವೆಂದು ಹಿಗ್ಗಿ, ಒಂದು ಜೊತೆ ಸ್ಪೀಕರುಗಳನ್ನು ತಂದು ನಿಲ್ಲಿಸಿ, ಕಚೇರಿಯೊಂದರ ಧ್ವನಿಮುದ್ರಣವನ್ನು ಹಾಕಿದೆನು. ಸಾಹಿತ್ಯದ ಒಂದಕ್ಷರವೂ ತಿಳಿಯಲಿಲ್ಲ! ಗಾಯಕರ ಒಂದು ಮಾತು ಅಡಗುವ ಮೊದಲೇ ಮತ್ತೊಂದು ಬಂದು ಅದರ ಮೇಲೆ ಬೀಳುತ್ತಿದ್ದಿತು. ಮೃದಂಗದ ಎಡಗೈ ಪೆಟ್ಟು ಗುಂಯ್ಯೆಂದು ಕೋಣೆಯನ್ನೆಲ್ಲ ತುಂಬುತ್ತಿದ್ದಿತು.

ಅಂಗಡಿಯವರನ್ನು ವಿಚಾರಿಸಲು, ಇದಕ್ಕಿಂತ ದೊಡ್ಡ ಸ್ಪೀಕರುಗಳನ್ನು ಕೊಳ್ಳಬೇಕೆಂದರು. ನನಗಾದ ಭಯವೇ ಬೇರೆ. ನಮ್ಮ ತಂದೆಯವರಿಗೆ ಅರವತ್ತರ ಸುಮಾರಿನಲ್ಲಿ ಕಿವಿ ಮಂದವಾಗಿದ್ದಿತು; ಮೊದಲು ಕೆಟ್ಟದ್ದು ಮಾತಿನ ಸ್ಪಷ್ಟತೆಯೇ. ನನ್ನ ಸರದಿಯೂ ಬಂದಿತೆಂದು ತಿಳಿದು, ಯಾರಿಗೂ ಹೇಳದೆ, ಕೋಣೆಯ ಬಾಗಿಲು ಹಾಕಿ ಸುಮ್ಮನಾದೆನು. ಮೂರು ತಿಂಗಳು ಸಂಗೀತವನ್ನೇ ಕೇಳಲಿಲ್ಲ.

ಅಷ್ಟರಲ್ಲಿ ಮೊಮ್ಮಗಳ ನಾಮಕರಣ ಬಂದಿತು. ನೆಂಟರಿಗೆಂದು ತರಿಸಿದ ಹತ್ತಿಯ ಹಾಸಿಗೆ, ದಿಂಬು, ಕಂಬಳಿಗಳನ್ನು ನಮ್ಮ ಮನೆಯವರು ಆ ಕೋಣೆಯ ಮೂಲೆಗಳಲ್ಲಿ ಆಳೆತ್ತರಕ್ಕೆ ಒಟ್ಟಿಸಿದ್ದರು. ಹುಡುಗರಲ್ಲಿ ಯಾರೋ ಹಾಡು ಹಾಕಿದರು. ಬಾಗಿಲಲ್ಲಿ ನಿಂತಿದ್ದ ನನಗೆ ಪದಪದವೂ ಕೇಳಿಸಿತು! “ಕಿವಿ ಸರಿಯಾಗಿಯೇ ಇದೆಯಲ್ಲ, ಹಾಸಿಗೆ ಇಲ್ಲೇ ಇರಲಿ ಬಿಡಿ” ಎಂದು ಆಕೆ ಹಿಂದಿನಿಂದ ನುಡಿದಾಗಲೇ, ನನ್ನ ಗುಟ್ಟು ಆಕೆಗೆ ಎಂದೋ ತಿಳಿದಿದ್ದಿತೆಂಬುದು ಗೊತ್ತಾದದ್ದು.

ಹಾಸಿಗೆಯ ಈ ಮಹಿಮೆಯನ್ನು ಶಾಸ್ತ್ರವಾಗಿ ಕಂಡುಕೊಂಡವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞರಾದ ವಾಲೇಸ್ ಸೇಬಿನ್ ಎಂಬವರು. ಅಲ್ಲಿಯ ಫಾಗ್ ಕಲಾಸಂಗ್ರಹಾಲಯದಲ್ಲಿ ೧೮೯೫ರಲ್ಲಿ ತೆರೆದ ಉಪನ್ಯಾಸಮಂದಿರದಲ್ಲಿ ಒಂದು ಮಾತು ಅಡಗಲು ಸುಮಾರು ಐದೂವರೆ ಸೆಕೆಂಡು ಹಿಡಿಯುತ್ತಿದ್ದಿತು. ಸೇಬಿನ್ನರು ರಾತ್ರಿಯ ವೇಳೆ ಸ್ಯಾಂಡರ್ಸ್ ನಾಟಕಶಾಲೆಯ ಪೀಠದ ಮೆತ್ತೆಗಳನ್ನು ತರಿಸಿ ಹಾಸಿ, ಆರ್ಗನ್ನಿನ ಕೊಳವೆಯನ್ನು ನುಡಿಸಿ, ಧ್ವನಿ ಅಡಗುವ ಕಾಲವನ್ನು ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂದಿರುಗಿಸುತ್ತಿದ್ದರು. ಅವರು ಕಂಡ ಸೂತ್ರದ ಆಧಾರದಿಂದಲೇ ೧೯೦೦ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಇಂದಿಗೂ ಹೆಸರಾಗಿದೆ.

ಸೂತ್ರವು ಸುಲಭವಾದದ್ದು. ಕೋಣೆಯ ಘನ ಅಡಿಗಳನ್ನು ೦.೦೪೯ರಿಂದ ಗುಣಿಸಿ, ಅಲ್ಲಿಯ ಶಬ್ದಗ್ರಾಹಕ ವಿಸ್ತಾರದಿಂದ ಭಾಗಿಸಿದರೆ, ಧ್ವನಿಯ ಶಕ್ತಿಯು ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಯಲು ಬೇಕಾದ ಸೆಕೆಂಡುಗಳು ಬರುವುವು. ತೆರೆದ ಕಿಟಕಿಯ ಒಂದು ಚದರಡಿಯೇ ಇಲ್ಲಿಯ ಮಾನ. ಅಲ್ಲಿಂದ ಹೊರಟ ಶಬ್ದ ಮರಳದಷ್ಟೆ. ನನ್ನ ಕೋಣೆ ೨,೫೬೦ ಘನ ಅಡಿ. ಒಳಮೈ ೧,೧೫೨ ಚದರಡಿ. ಗಾರೆ ಕಲ್ಲುಗಳು ನೂರಕ್ಕೆ ಮೂರು ಪಾಲು ಹೀರುವುವೆಂದರೂ ೩೫ ಚದರಡಿಯ ಕಿಟಕಿಗೆ ಸಮ. ಲೆಕ್ಕ ಮೂರೂವರೆ ಸೆಕೆಂಡನ್ನು ಮೀರಿತು! ಮನೆಯಲ್ಲಿ ಕೇಳಲು ಅರ್ಧ ಸೆಕೆಂಡು ಧಾರಾಳ. ಅದಕ್ಕೆ ಸುಮಾರು ೨೫೦ ಚದರಡಿ ಬೇಕು.

ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಸ್ವರಕ್ಕೆ ಅನುರಣನವನ್ನೇ ಲಕ್ಷಣವಾಗಿ ಹೇಳಿದ್ದಾನೆ. ಆದರೆ ಆ ಅನುರಣನ ಸ್ವರದ್ದು, ತಂತಿಯದ್ದು, ಕಂಠದ್ದು. ಗೋಡೆ ತನ್ನದನ್ನೂ ಬೆರಸಿದರೆ ಅದು ಪರರ ಸೊತ್ತಾಗುವುದು. ಶಾಲೆಯ ಹುಡುಗರನ್ನು ವಿಜಯಪುರದ ಗೋಲಗುಮ್ಮಟಕ್ಕೆ ಕರೆದೊಯ್ದಾಗ ಅವರು ಚಪ್ಪಾಳೆ ತಟ್ಟಿ ಮಾರ್ದನಿಗಳನ್ನು ಎಣಿಸುತ್ತಿದ್ದರು. ಅಲ್ಲಿಯ ಬೆರಗೇ ಇಲ್ಲಿಯ ದೋಷ. ಬರಿದಾದ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಝಣಝಣವೆಂದು ಬಾಲ ಬೆಳೆದರೆ ಎದುರುಬದುರಿನ ಬೋಳು ಗೋಡೆಗಳು ಶಬ್ದವನ್ನು ಚೆಂಡಿನಂತೆ ಎಸೆದಾಡುತ್ತಿವೆಯೆಂದು ತಿಳಿಯತಕ್ಕದ್ದು.

ಇನ್ನು ನಾನು ಹಿಗ್ಗಿದ ಆ ಚೌಕ! ಹಾರ್ಮೋನಿಯಮಿನ ಕಪ್ಪು ಒಂದರ ಶ್ರುತಿಯಲ್ಲಿ ಹಾಡುವ ಗಂಡಸಿನ ಷಡ್ಜಕ್ಕೆ ಸೆಕೆಂಡಿಗೆ ಸುಮಾರು ೧೩೯ ಕಂಪನಗಳು. ಅದಕ್ಕೆ ಕೂಡಿಸಿದ ಮೃದಂಗದ ಎಡಮುಖವನ್ನು ಒಂದು ಸ್ಥಾಯಿ ಕೆಳಗಿಟ್ಟರೆ ೭೦ರ ಹತ್ತಿರ. ಶಬ್ದದ ವೇಗ ಸೆಕೆಂಡಿಗೆ ಸುಮಾರು ೧,೧೩೦ ಅಡಿಯಾದ್ದರಿಂದ ಆ ನಾದದ ಅಲೆಯ ಉದ್ದ ೧೬ ಅಡಿ. ನನ್ನ ಗೋಡೆಗಳ ನಡುವಣ ದೂರವೂ ಅಷ್ಟೇ! ಹೋದ ಅಲೆ, ಮರಳಿದ ಅಲೆ ಹೆಜ್ಜೆ ಕೂಡಿಸಿ ಒಂದನ್ನೊಂದು ಬಲಪಡಿಸುವುವು. ಕೋಣೆ ಚೌಕವಾದುದರಿಂದ ಎರಡು ಜೊತೆ ಗೋಡೆಗಳೂ ಅದೇ ನಾದಕ್ಕೆ ಒಲಿಯುವುವು. ಹಿಂಗೋಡೆಗೆ ಒರಗಿದರೆ ಗುಂಯ್ಗಾಟ. ನಾಲ್ಕಡಿ ಮುಂದೆ ಸರಿದರೆ ಅದು ಬಹುಮಟ್ಟಿಗೆ ಮಾಯ. ನಟ್ಟನಡುವೆ ಪುನಃ ಹಾಜರು. ಕುರ್ಚಿಯನ್ನು ಒಂದು ಸಂಜೆಯೆಲ್ಲ ಎಳೆದಾಡಿ, ಕೊನೆಗೆ ಹಿಂಗೋಡೆಯಿಂದ ಆರಡಿಯಲ್ಲಿ ನಿಲ್ಲಿಸಿದೆನು. ಇದಕ್ಕೆ ಕಾಸಿನ ಖರ್ಚಿಲ್ಲ. ಹೊಸದಾಗಿ ಕೋಣೆ ಕಟ್ಟಿಸುವವರು ಉದ್ದ, ಅಗಲ, ಎತ್ತರಗಳನ್ನು ಒಂದೇ ಅಳತೆಗೆ ತರದಿದ್ದರೆ ಅರ್ಧ ಕಷ್ಟ ತಪ್ಪುವುದು.

ಸ್ಪೀಕರಿನಿಂದ ಹೊರಟ ಧ್ವನಿ ಪಕ್ಕದ ಗೋಡೆಗೆ ತಾಕಿ ಕಿವಿಗೆ ಬರುವ ಸ್ಥಳವನ್ನು ಹುಡುಕಲು ಒಂದು ಕನ್ನಡಿ ಸಾಕು. ನಾನು ಕುರ್ಚಿಯಲ್ಲಿ ಕುಳಿತೆನು. ನಮ್ಮ ಮನೆಯವರು ಕನ್ನಡಿಯನ್ನು ಗೋಡೆಗೆ ಒತ್ತಿ ಮೆಲ್ಲನೆ ಜರುಗಿಸಿದರು. ಸ್ಪೀಕರಿನ ಬಿಂಬ ಕಂಡ ಕಡೆಯಲ್ಲಿ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು, ಕಂಬಳಿಯನ್ನು ನೆರಿಗೆ ಹಿಡಿದು ತೂಗುಹಾಕಿದೆವು. ಹಿಂಗೋಡೆಗೆ ನನ್ನ ಪುಸ್ತಕದ ಬೀರುಗಳು ಬಂದುವು. ಹೆಚ್ಚು ಕಡಮೆ ಗಾತ್ರದ ಗ್ರಂಥಗಳು ಶಬ್ದವನ್ನು ಚದರಿಸುವುವು. ಅಮರಕೋಶಕ್ಕೂ ಶಬ್ದಕ್ಕೂ ಇಂಥದೊಂದು ನಂಟು ಇದೆಯೆಂದು ನನಗೆ ತಿಳಿದಿರಲಿಲ್ಲ.

ಒಂದು ತಪ್ಪನ್ನೂ ಮಾಡಿದೆನು. ಯಾರದೋ ಮಾತು ಕೇಳಿ ಮೊಟ್ಟೆಯ ತಟ್ಟೆಗಳನ್ನೂ ಅಂಗುಲ ದಪ್ಪದ ಸ್ಪಂಜನ್ನೂ ಗೋಡೆತುಂಬ ಅಂಟಿಸಿದೆನು. ತೆಳುವಾದ ಹೊದಿಕೆ ಹೀರುವುದು ತಾರಸ್ಥಾಯಿಯನ್ನು ಮಾತ್ರ. ಪಿಟೀಲಿನ ಕಾಂತಿ ಹೋಯಿತು, ಮೃದಂಗದ ಗುಂಯ್ಕಾರ ಹಾಗೆಯೇ ಉಳಿಯಿತು. ಎಲ್ಲವನ್ನೂ ಕಿತ್ತು, ಗೋಡೆಗೆ ಸುಣ್ಣ ಹೊಡೆಸಬೇಕಾಯಿತು. ಮಂದ್ರಕ್ಕೆ ದಪ್ಪವೇ ಬೇಕು. ಅದರ ಒತ್ತಡ ಮೂಲೆಗಳಲ್ಲಿಯೇ ಅತ್ಯಧಿಕ. ಆದುದರಿಂದ ಹಾಸಿಗೆಗಳು ಅಲ್ಲಿಯೇ ನಿಂತುವು. ಅಚ್ಚುಕಟ್ಟಾಗಿ ಖಾದಿಯ ಗವಸು ಹೊಲಿಸಿದ್ದೇನೆ.

ಗುಂಯ್ಕಾರ ಪೂರ್ತಿ ಹೋಗಿಲ್ಲ, ತಗ್ಗಿದೆ. ಸಾಹಿತ್ಯ ಮಾತ್ರ ಅಕ್ಷರಶಃ ಕೇಳುತ್ತದೆ. ನೆಂಟರು ಬಂದರೆಂದರೆ ಮೂಲೆಗಳು ಬರಿದಾಗುವುವು. ಅವರು ಹೊರಡುವವರೆಗೆ ನಾನು ಧ್ವನಿಮುದ್ರಣಗಳನ್ನು ಮುಟ್ಟುವುದಿಲ್ಲ.