ಹಾರ್ಡ್ ಡಿಸ್ಕನ್ನು ಬೇರೆ ಗಣಕಯಂತ್ರಕ್ಕೆ ಜೋಡಿಸಿ ದಾಖಲೆಗಳನ್ನು ಮರಳಿ ಪಡೆಯುವುದು: ಅರ್ಜಿದಾರರಿಗೆ ಮಾಹಿತಿ

2019ರ ಆಗಸ್ಟ್ ತಿಂಗಳಿನಲ್ಲಿ ಕದ್ರಾ ಜಲಾಶಯದಿಂದ ನೀರು ಹೊರಬಿಟ್ಟ ಕಾರಣ ಕಾರವಾರ ತಾಲ್ಲೂಕಿನ ಕಾಳಿ ನದಿ ದಂಡೆಯ ಗ್ರಾಮಗಳೂ, ಗಂಗಾವಳಿ ನದಿಯ ಪ್ರವಾಹದಿಂದ ಅಂಕೋಲಾ ತಾಲ್ಲೂಕಿನ ಗ್ರಾಮಗಳೂ ಜಲಾವೃತಗೊಂಡಿದ್ದವು. ಇಂತಹ ಸಂದರ್ಭಗಳಲ್ಲಿ ಕಾಗದಪತ್ರಗಳೊಂದಿಗೆ ಅವುಗಳ ಸ್ಕ್ಯಾನ್ ಪ್ರತಿಗಳಿರುವ ಗಣಕಯಂತ್ರವೂ ಕೆಡುವುದುಂಟು. ಆದರೆ ಗಣಕಯಂತ್ರ ಕೆಟ್ಟಿದ್ದರೂ ಅದರೊಳಗಿನ ಹಾರ್ಡ್ ಡಿಸ್ಕ್ ಸುಸ್ಥಿತಿಯಲ್ಲಿರಬಹುದು. ಅದನ್ನು ಬೇರೆ ಗಣಕಯಂತ್ರಕ್ಕೆ ಜೋಡಿಸಿ ಕಡತಗಳನ್ನು ಪಡೆಯಲು ಸಾಧ್ಯವಿದ್ದು, ಸಾರ್ವಜನಿಕರು ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ನೀರು ತಗುಲಿದ ಡಿಸ್ಕಿಗೆ ವಿದ್ಯುತ್ ಸಂಪರ್ಕ ನೀಡಬಾರದು, ಬಿಚ್ಚಬಾರದು, ಬಿಸಿ ಮಾಡಿ ಒಣಗಿಸಬಾರದು. ಅದನ್ನು ದತ್ತಾಂಶ ಮರುಪಡೆಯುವ ಪರಿಣತರಿಗೆ ಒಪ್ಪಿಸುವುದು ಸೂಕ್ತ.

2. ನೀರು ತಗುಲದ ಡಿಸ್ಕನ್ನು ಅದಕ್ಕೆ ಹೊಂದುವ ಯುಎಸ್‌ಬಿ ಅಡಾಪ್ಟರ್ ಮೂಲಕ ಜೋಡಿಸಬಹುದು. ಆಗ "ಫಾರ್ಮ್ಯಾಟ್ ಮಾಡಬೇಕೆ?" ಅಥವಾ "ಇನಿಶಿಯಲೈಜ್ ಮಾಡಬೇಕೆ?" ಎಂಬ ಸಂದೇಶ ಬಂದಲ್ಲಿ ಒಪ್ಪಿಗೆ ನೀಡಬಾರದು. ಕಡತಗಳ ಪಟ್ಟಿಯನ್ನು ಓದಲು ಆಗುತ್ತಿಲ್ಲವೆಂಬುದಷ್ಟೇ ಈ ಸಂದೇಶದ ಅರ್ಥ. ಕಡತಗಳು ಅಳಿದುಹೋಗಿವೆ ಎಂದಲ್ಲ.

3. "ಅನುಮತಿ ಇಲ್ಲ" ಎಂಬ ಸಂದೇಶ ಬಂದಲ್ಲಿ ಕಡತಗಳು ಹಳೆಯ ಬಳಕೆದಾರರ ಖಾತೆಯ ಹೆಸರಿನಲ್ಲಿವೆ ಎಂದು ತಿಳಿಯಬೇಕು. ಅಡ್ಮಿನಿಸ್ಟ್ರೇಟರ್ ಖಾತೆಯಿಂದ ಅವುಗಳ ಒಡೆತನವನ್ನು ಬದಲಾಯಿಸಿಕೊಳ್ಳಬಹುದು.

4. ಡಿಸ್ಕ್ ಬಿಟ್‌ಲಾಕರ್ ಮೂಲಕ ಗೂಢಲಿಪೀಕರಣಗೊಂಡಿದ್ದಲ್ಲಿ 48 ಅಂಕಿಗಳ ರಿಕವರಿ ಕೀ ಅಗತ್ಯ. ಇದು ಅನೇಕ ವೇಳೆ ಮಾಲೀಕರ ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿರುತ್ತದೆ.

5. ಮರಳಿ ಪಡೆದ ಕಡತಗಳನ್ನು ಅದೇ ಡಿಸ್ಕಿನಲ್ಲಿ ಉಳಿಸದೆ ಬೇರೊಂದು ಡಿಸ್ಕ್ ಅಥವಾ ಪೆನ್ ಡ್ರೈವ್‌ಗೆ ನಕಲಿಸಬೇಕು. ಹಳೆಯ ಡಿಸ್ಕಿಗೆ ಹೊಸದಾಗಿ ಏನನ್ನು ಬರೆದರೂ ಉಳಿದ ಕಡತಗಳು ಅಳಿಸಿಹೋಗುವ ಸಂಭವವಿದೆ.

ಮೇಲ್ಕಂಡ ಕ್ರಮಗಳಿಂದ ಕಡತಗಳು ದೊರೆಯದಿದ್ದರೂ ಅರ್ಜಿದಾರರು ಆತಂಕಪಡುವ ಅಗತ್ಯವಿಲ್ಲ. ಮನೆಯ ಗಣಕಯಂತ್ರದಲ್ಲಿರುವುದು ಪ್ರತಿ ಮಾತ್ರ. ಮೂಲ ದಾಖಲೆಯು ಸಂಬಂಧಪಟ್ಟ ಕಚೇರಿಯಲ್ಲಿರುತ್ತದೆ. ಭೂಮಿ ಯೋಜನೆಯಡಿ ಪಹಣಿಗಳು ಗಣಕೀಕೃತಗೊಂಡಿರುವುದರಿಂದ ಸರ್ವೆ ನಂಬರ್ ತಿಳಿಸಿ ಹೊಸ ಪ್ರತಿ ಪಡೆಯಬಹುದು. ನೋಂದಾಯಿತ ಕ್ರಯಪತ್ರದ ದೃಢೀಕೃತ ನಕಲನ್ನು ಉಪ ನೋಂದಣಾಧಿಕಾರಿಗಳ ಕಚೇರಿಯಿಂದ ಪಡೆಯಬಹುದು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಬಗ್ಗೆ ನಾಡಕಚೇರಿಯಲ್ಲಿ ವಿಚಾರಿಸಬಹುದು.

ಆದ್ದರಿಂದ ಸರ್ವೆ ನಂಬರ್, ನೋಂದಣಿ ಸಂಖ್ಯೆ ಹಾಗೂ ಪ್ರಮಾಣಪತ್ರಗಳ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು, ಮಳೆಗಾಲಕ್ಕೆ ಮುಂಚಿತವಾಗಿಯೇ ಬೇರೆಡೆ ಸುರಕ್ಷಿತವಾಗಿ ಇರಿಸಿಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.