ಗದ್ದೆಗೆ ಮಣ್ಣು ಬೀಳುವ ಮುನ್ನ

ಹಸಿರು ವಲಯದ ಜಮೀನಿನಲ್ಲಿ ವಸತಿ ಬಡಾವಣೆ ಬರುವುದನ್ನು ವಿರೋಧಿಸುವುದು ಮಿಂಬರಿನಿಂದ ಹೇಳಬೇಕಾದ ವಿಷಯವೇ? ಜುಮಾದ ಬಳಿಕ ಕೆಲವರು ಹೀಗೆ ಕೇಳುತ್ತಾರೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಲ್ಲೆಡೆ ಗದ್ದೆಗಳು ಸೈಟುಗಳಾಗುತ್ತಿವೆ. ಮಾರುವವರಲ್ಲಿ ನಮ್ಮವರಿದ್ದಾರೆ, ಕೊಳ್ಳುವವರಲ್ಲಿ ನಮ್ಮವರಿದ್ದಾರೆ, ಬಾವಿ ಬತ್ತಿದವರಲ್ಲೂ ನಮ್ಮವರಿದ್ದಾರೆ. ಆದ್ದರಿಂದ ಈ ವಿಷಯದಲ್ಲಿ ದೀನ್ ಏನು ಹೇಳುತ್ತದೆ, ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ.

ಮೊದಲು ನಮ್ಮ ನೆಲದ ಸ್ವಭಾವವನ್ನು ನೋಡೋಣ. ಕರಾವಳಿಯ ಹಿರಿಯರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ವಿಂಗಡಿಸಿದ್ದರು. ಬೆಟ್ಟು ಎತ್ತರದ್ದು, ಮಜಲು ನಡುವಿನದ್ದು, ಬೈಲು ತಗ್ಗಿನದ್ದು. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಮಣಿಪಾಲದಂತಹ ಮುರಕಲ್ಲಿನ ಗುಡ್ಡದಿಂದ ಇಳಿದ ನೀರು ಬೈಲಿನಲ್ಲಿ ತಂಗುತ್ತದೆ, ನಿಧಾನವಾಗಿ ಇಂಗುತ್ತದೆ, ಸುತ್ತಲಿನ ಬಾವಿಗಳಿಗೆ ಸೇರುತ್ತದೆ. ಉಳಿದದ್ದು ತೋಡು ಹಿಡಿದು ಹೊಳೆಗೆ ಹೋಗುತ್ತದೆ. ಗದ್ದೆಯ ಒಂದೊಂದು ಹುಣಿಯೂ ಒಂದೊಂದು ಸಣ್ಣ ಒಡ್ಡು. ಆ ಬೈಲಿಗೆ ನಾಲ್ಕು ಅಡಿ ಮಣ್ಣು ತುಂಬಿಸಿದರೆ ನೀರು ಇಲ್ಲವಾಗುವುದಿಲ್ಲ, ಪಕ್ಕದವನ ಅಂಗಳಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಅದೇ ಪಕ್ಕದವನ ಬಾವಿ ಒಣಗುತ್ತದೆ.

ಇದನ್ನು ನಮ್ಮ ಊರು ಕಣ್ಣಾರೆ ಕಂಡಿದೆ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಕಂಡು, ಉಡುಪಿ ನಗರ ಕುಡಿಯುವ ನೀರಿಗೆ ಪರದಾಡಿತು. ಮರುವರ್ಷ, 2020ರ ಸೆಪ್ಟೆಂಬರ್ 20ರಂದು, ಅದೇ ಉಡುಪಿಯಲ್ಲಿ ನೆರೆ ಬಂದು ಕಲ್ಸಂಕ, ಬೈಲಕೆರೆ ಪ್ರದೇಶಗಳು ಮುಳುಗಿದವು. ಅಂದಿನ ಮಳೆ ಅಸಾಧಾರಣವಾಗಿತ್ತು ನಿಜ. ಆದರೆ ಅಂತಹ ಮಳೆಯ ನೀರು ನಿಲ್ಲಲು, ಹರಿಯಲು ಜಾಗವೂ ಬೇಕಲ್ಲವೇ? ಯೋಜನಾ ಪ್ರಾಧಿಕಾರದ ನಕ್ಷೆಯಲ್ಲಿ ಕೃಷಿ ಭೂಮಿಗೆ ಹಸಿರು ಬಣ್ಣ ಹಚ್ಚಿ ಪ್ರತ್ಯೇಕವಾಗಿ ಇಟ್ಟಿರುವುದರ ಒಂದು ಪ್ರಯೋಜನ ಇದೇ.

ಇಂತಹ ಮೀಸಲು ಇಸ್ಲಾಮಿಗೆ ಹೊಸದಲ್ಲ. ಅರಬಿಯಲ್ಲಿ ಇದಕ್ಕೆ ‘ಹಿಮಾ’ ಎನ್ನುತ್ತಾರೆ. ಅಜ್ಞಾನ ಕಾಲದಲ್ಲಿ ಬಲಿಷ್ಠ ಮುಖಂಡರು ಒಳ್ಳೆಯ ಹುಲ್ಲುಗಾವಲನ್ನು ತಮಗೆಂದು ಕಾದಿರಿಸಿ ಇತರರನ್ನು ದೂರ ಇಡುತ್ತಿದ್ದರು. ಪ್ರವಾದಿ ಮುಹಮ್ಮದ್(ಸ) ಆ ಪದ್ಧತಿಯನ್ನು ರದ್ದು ಮಾಡಿ, ಮೀಸಲು ಸಾರ್ವಜನಿಕ ಹಿತಕ್ಕಾಗಿ ಮಾತ್ರ ಎಂದು ಕಲಿಸಿದರು. ಮದೀನಾದ ಸುತ್ತ 12 ಮೈಲು ಪ್ರದೇಶವನ್ನು ಅವರು ಹಿಮಾ ಮಾಡಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿ ಹಝ್ರತ್ ಅಬೂ ಹುರೈರಾ(ರ) ಅವರ ವರದಿಯಿದೆ. ಒಂದು ನಗರಕ್ಕೆ ಹಸಿರು ಪಟ್ಟಿ ಎಂದರೆ ಇದೇ ಅಲ್ಲವೇ? ಬಾವಿ ತೋಡಿದವನಿಗೆ ಸುತ್ತಲಿನ 40 ಮೊಳ ಜಾಗ ಸಲ್ಲುತ್ತದೆಂದೂ ಹದೀಸ್ ಇದೆ. ನೀರಿನ ಸುತ್ತಲಿನ ನೆಲಕ್ಕೂ ಹಕ್ಕಿದೆ ಎಂಬುದನ್ನು ನಮ್ಮ ಫಿಕ್‌ಹ್ ಹಿಂದಿನಿಂದಲೂ ಒಪ್ಪಿದೆ.

ಖಲೀಫಾ ಹಝ್ರತ್ ಉಮರ್(ರ) ಅವರ ಕಾಲದ ಒಂದು ಘಟನೆ ಬುಖಾರಿಯಲ್ಲಿದೆ. ಹಿಮಾದ ಕಾವಲಿಗೆ ಹುನಯ್ ಎಂಬವರನ್ನು ನೇಮಿಸಿದಾಗ ಉಮರ್(ರ) ಅವರಿಗೆ ಕೆಲವು ತಾಕೀತುಗಳನ್ನು ಮಾಡಿದರು. ಜನರೊಂದಿಗೆ ಮೃದುವಾಗಿರಬೇಕು, ಮರ್ದಿತನ ಶಾಪಕ್ಕೆ ಹೆದರಬೇಕು. ನಾಲ್ಕಾರು ಒಂಟೆ, ಕುರಿ ಇರುವ ಬಡವನನ್ನು ಒಳಗೆ ಬಿಡಬೇಕು. ಇಬ್ನ್ ಔಫ್(ರ) ಮತ್ತು ಇಬ್ನ್ ಅಫ್ಫಾನ್(ರ) ಅವರ ಹಿಂಡುಗಳ ಬಗ್ಗೆ ಮಾತ್ರ ಎಚ್ಚರವಾಗಿರಬೇಕು. ಅವರಿಬ್ಬರೂ ಸಮುದಾಯದ ಅತ್ಯಂತ ಗೌರವಾನ್ವಿತ ಶ್ರೀಮಂತರು. ಜಾನುವಾರು ಸತ್ತರೂ ಅವರಿಗೆ ತೋಟವಿದೆ, ಹೊಲವಿದೆ. ಬಡವನಿಗೆ ಬೇರೇನೂ ಇಲ್ಲ ಎಂಬುದು ಉಮರ್(ರ) ಅವರ ಲೆಕ್ಕಾಚಾರವಾಗಿತ್ತು. ಸಾರ್ವಜನಿಕ ನೆಲದ ವಿಷಯದಲ್ಲಿ ಅವರು ತಮ್ಮವರ ಮುಖ ನೋಡಲಿಲ್ಲ. ನಾವೂ ನೋಡಬಾರದು.

ಕೆಲವೊಮ್ಮೆ ಬಡಾವಣೆ ಮಾಡುವವರು ‘ಮಸೀದಿಗೂ ಐದು ಸೆಂಟ್ಸ್ ಕೊಡುತ್ತೇವೆ’ ಎನ್ನುತ್ತಾರೆ. ಆಗ ಜಮಾಅತಿನ ಬಾಯಿ ಕಟ್ಟಿಹೋಗುತ್ತದೆ. ಮದೀನಾದಲ್ಲಿ ಮಸೀದಿಗೆಂದು ಆರಿಸಿದ ಜಾಗ ಇಬ್ಬರು ಅನಾಥ ಬಾಲಕರದ್ದಾಗಿತ್ತು. ಅವರು ಉಚಿತವಾಗಿ ಕೊಡಲು ಸಿದ್ಧರಿದ್ದರೂ ಪ್ರವಾದಿ(ಸ) ಹಾಗೆ ಪಡೆಯಲು ಒಪ್ಪದೆ ಕ್ರಯಕ್ಕೇ ಪಡೆದರು. ಅಂತಹ ಮಾದರಿಯಿರುವಾಗ ತೋಡು ಮುಚ್ಚಿದ ಜಾಗ, ಒತ್ತುವರಿಯ ಜಾಗ, ಊರಿನ ನೀರಿನ ದಾರಿ ತಡೆದ ಜಾಗ ಅಲ್ಲಾಹನ ಭವನಕ್ಕೆ ಹೇಗೆ ಸರಿಹೊಂದೀತು?

ಇನ್ನು ಕಾನೂನಿನ ವಿಷಯ. ಕೃಷಿ ಜಮೀನಿನಲ್ಲಿ ಬಡಾವಣೆ ಮಾಡಲು ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಮಿನಡಿ ಭೂಪರಿವರ್ತನೆ, ಅಂದರೆ ನಾವು ಹೇಳುವ ‘ಕನ್ವರ್ಷನ್’ ಆಗಬೇಕು. ಮಾಸ್ಟರ್ ಪ್ಲಾನಿನಲ್ಲಿ ಹಸಿರು ಇದ್ದದ್ದನ್ನು ವಸತಿ ಮಾಡಬೇಕಾದರೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಕಲಮಿನಂತೆ ಪ್ರಾಧಿಕಾರವು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕನಿಷ್ಠ 15 ದಿನ ಸಾರ್ವಜನಿಕರ ಆಕ್ಷೇಪಣೆಗೆ ಅವಕಾಶ ನೀಡಬೇಕು. ಪತ್ರಿಕೆಯ ಮೂಲೆಯ ಆ ಸಣ್ಣ ಪ್ರಕಟಣೆಯನ್ನು ಓದುವವರು ಎಷ್ಟು ಮಂದಿ? 2020ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಆದ್ದರಿಂದ ಈ ಎಚ್ಚರ ಮೊದಲಿಗಿಂತ ಹೆಚ್ಚು ಬೇಕು.

‘ದೊಡ್ಡವರ ಮುಂದೆ ನಮ್ಮ ಅರ್ಜಿಗೆ ಬೆಲೆಯೆಲ್ಲಿ’ ಎಂದು ಕೈಚೆಲ್ಲಬೇಡಿ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಡಲಾಗಿತ್ತು. ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆ ಒಳ್ಳೆಯ ಉದ್ದೇಶವೇ. ಆದರೂ 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರವಾಗಿ ನಿಂತಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದು ಇದು ಪ್ರಸಿದ್ಧ. ತೆರೆದ ಜಾಗದ ರಕ್ಷಣೆಗಾಗಿ ಪ್ರಶ್ನಿಸುವ ಹಕ್ಕು ನೆರೆಹೊರೆಯವರಿಗಿದೆ ಎಂಬುದು ಅದರಿಂದ ಸ್ಪಷ್ಟವಾಯಿತು. ಮುಂದೆ 2011ರ ಜನವರಿಯಲ್ಲಿ, ಪಂಜಾಬಿನ ಹಳ್ಳಿಯೊಂದರ ಕೆರೆಯನ್ನು ಮುಚ್ಚಿ ಮನೆ ಕಟ್ಟಿದ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಇದೇ ಕೋರ್ಟ್, ಹಣ ಕಟ್ಟಿಸಿಕೊಂಡು ಒತ್ತುವರಿಯನ್ನು ಸಕ್ರಮಗೊಳಿಸುವುದನ್ನು ಒಪ್ಪಲಿಲ್ಲ. ಗ್ರಾಮದ ಸಾರ್ವಜನಿಕ ಭೂಮಿಯ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೆ ಸೂಚಿಸಿತು.

ಮನೆ ಎಲ್ಲರಿಗೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬಾಡಿಗೆ ಮನೆಗೆ ಅಲೆಯುವ ಕಷ್ಟ, ಗಲ್ಫಿನಲ್ಲಿ ದುಡಿದ ಹಣದಲ್ಲಿ ಒಂದು ಸೂರು ಕಟ್ಟುವ ಆಸೆ ನಮಗೆ ತಿಳಿಯದ್ದಲ್ಲ. ನಾವು ವಿರೋಧಿಸುವುದು ಮನೆಯನ್ನಲ್ಲ, ಮನೆ ಏಳುವ ಜಾಗವನ್ನು. ವಸತಿಗೆಂದು ಗುರುತಿಸಿದ ನೆಲದಲ್ಲಿ, ಊರಿನ ಒಳಗೇ ಖಾಲಿ ಬಿದ್ದಿರುವ ಹಿತ್ತಿಲುಗಳಲ್ಲಿ ಕಟ್ಟಲು ಯಾರ ತಕರಾರೂ ಇರದು. ತುಂಬಿಸಿದ ಬೈಲಿನಲ್ಲಿ ಸೈಟು ಕೊಂಡ ಕುಟುಂಬವೇ ಮೊದಲ ಮಳೆಗಾಲಕ್ಕೆ ನೀರಿನಲ್ಲಿ ನಿಲ್ಲಬೇಕಾಗುತ್ತದೆ. ಅಷ್ಟರಲ್ಲಿ ಮಾರಿದವರು ಹಣ ಎಣಿಸಿ ಹೋಗಿರುತ್ತಾರೆ.

ಆದ್ದರಿಂದ ಸೈಟಿಗೆ ಮುಂಗಡ ಕೊಡುವ ಮೊದಲು ಪಹಣಿ ನೋಡಿ, ಕನ್ವರ್ಷನ್ ಆದೇಶ ಕೇಳಿ, ಪ್ರಾಧಿಕಾರಕ್ಕೆ ಹೋಗಿ ಆ ಸರ್ವೆ ನಂಬರಿನ ವಲಯ ಯಾವುದೆಂದು ವಿಚಾರಿಸಿ. ಮಳೆಗಾಲದಲ್ಲಿ ಒಮ್ಮೆ ಆ ಜಾಗಕ್ಕೆ ಹೋಗಿ ನಿಂತು ನೋಡಿ. ಹಸಿರು ವಲಯಕ್ಕೆ ಕೈಹಾಕುವ ಪ್ರಸ್ತಾವ ಬಂದರೆ ಗ್ರಾಮಸಭೆಯಲ್ಲಿ ಮಾತನಾಡಿ, ಆಕ್ಷೇಪಣೆಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ದಾಖಲೆ ಬೇಕಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಅದೇ ಬೈಲಿನ ನೀರು ಕುಡಿಯುವ ಹಿಂದೂ, ಕ್ರೈಸ್ತ ನೆರೆಯವರೊಂದಿಗೆ ಕೂಡಿ ಸಹಿ ಹಾಕಿ. ಕೇಳಿದ ಸುದ್ದಿಯನ್ನು ಪರಿಶೀಲಿಸದೆ ಹರಡಬೇಡಿ, ಯಾರ ಮೇಲೂ ಸುಳ್ಳು ಆರೋಪ ಹೊರಿಸಬೇಡಿ. ಹಕ್ಕಿನ ಹೋರಾಟಕ್ಕೂ ಅದಬ್ ಇದೆ.

ಅನ್ಯಾಯವಾಗಿ ಗೇಣುದ್ದ ನೆಲ ಕಬಳಿಸಿದವನ ಕೊರಳಿಗೆ ಪುನರುತ್ಥಾನ ದಿನ ಏಳು ಭೂಮಿಗಳ ಭಾರ ಬೀಳುವುದೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ಊರಿನ ನೀರು ಕಿತ್ತುಕೊಂಡವನ ಲೆಕ್ಕ ಇನ್ನೆಷ್ಟಿದ್ದೀತು? ಈ ನೆಲ, ಈ ನೀರು ನಮ್ಮ ಕೈಯಲ್ಲಿರುವ ಅಮಾನತ್. ಪಡೆದಂತೆಯೇ ಅದನ್ನು ಮಕ್ಕಳ ಕೈಗೆ ಒಪ್ಪಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ನೀಡಲಿ. ಆಮೀನ್.