ಕಾಂತಧ್ರುವ ತಿರುಗಿದರೆ ಬೆಳೆಗೆ ಕೇಡಿದೆಯೇ?

"ಭೂಮಿಯ ಧ್ರುವಗಳು ಬೇಗನೆ ಅದಲುಬದಲಾಗುತ್ತವೆ, ಮಳೆ ಬೆಳೆ ನಿಂತು ಲೋಕ ಮುಳುಗುತ್ತದೆ" ಎಂಬ ಸುದ್ದಿ ಆಗಾಗ ಹಬ್ಬುತ್ತದೆ. 2012ರ ಡಿಸೆಂಬರ್ 21ಕ್ಕೆ ಪ್ರಳಯವೆಂದು ಹೆದರಿಸಿದವರೂ ಇದನ್ನೇ ಹೇಳಿದ್ದರು. ಇತ್ತೀಚೆಗೆ ರೈತರ ಸಭೆಯೊಂದರಲ್ಲಿ ಒಬ್ಬರು, "ಗುಂಡಿ ತೋಡೇನ್ರಿ, ಆದ್ರ ಮಾವಿನ ಸಸಿ ಹಚ್ಚೋದು ಬ್ಯಾಡ ಅಂತಾರ ಮನ್ಯಾಗ, ಏನ್ ಮಾಡ್ಲಿ?" ಎಂದು ಕೇಳಿದರು. ಅವರಿಗೆ ನೀಡಿದ ಉತ್ತರವನ್ನೇ ಇಲ್ಲಿ ವಿವರಿಸಲಾಗಿದೆ.

ತಿರುಗುವುದು ಭೂಮಿಯಲ್ಲ

ಭೂಮಿಯೊಳಗೆ ಸುಮಾರು 2,900 ಕಿ.ಮೀ. ಆಳದಿಂದ ಕೆಳಗೆ ಕರಗಿದ ಕಬ್ಬಿಣ ಸದಾ ಚಲಿಸುತ್ತಿರುತ್ತದೆ. ಇದರಿಂದ ವಿದ್ಯುತ್ ಪ್ರವಾಹ ಉಂಟಾಗಿ ಭೂಮಿಯು ದೊಡ್ಡ ಅಯಸ್ಕಾಂತದಂತೆ ವರ್ತಿಸುತ್ತದೆ. ಈ ಚಲನೆ ಏರುಪೇರಾದಾಗ ಕಾಂತಧ್ರುವಗಳು ಸ್ಥಾನ ಬದಲಿಸಬಹುದು. ಆಗ ತಿರುಗುವುದು ದಿಕ್ಸೂಚಿಯ ಮುಳ್ಳೇ ಹೊರತು ಭೂಮಿಯಲ್ಲ. ಸೂರ್ಯನು ಪೂರ್ವದಲ್ಲೇ ಹುಟ್ಟುತ್ತಾನೆ. ನೆಲ ಮತ್ತು ಸಮುದ್ರ ಬೇರೆ ಬೇರೆ ಪ್ರಮಾಣದಲ್ಲಿ ಕಾಯುವುದರಿಂದ ಬರುವ ಮುಂಗಾರು ನಿಲ್ಲುವುದಿಲ್ಲ.

ಎರೆಭೂಮಿಯ ಸಾಕ್ಷ್ಯ

ವಿಜಯಪುರ, ಕಲಬುರಗಿ, ಬೀದರ್ ಜಿಲ್ಲೆಗಳ ಎರೆಮಣ್ಣು ಹೆಚ್ಚಾಗಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದ ಕಲ್ಲಿನಿಂದ ಆದದ್ದು. ಲಾವಾ ತಣಿಯುವಾಗ ಅದರಲ್ಲಿನ ಕಬ್ಬಿಣದ ಖನಿಜಗಳು ಆ ಕಾಲದ ಕಾಂತದಿಕ್ಕನ್ನು ಹಿಡಿದಿಡುತ್ತವೆ. ದಖನ್ನಿನ ಈ ಕಲ್ಲಿನ ಬಹುಪಾಲು ಇಂದಿನದಕ್ಕೆ ವಿರುದ್ಧ ದಿಕ್ಕನ್ನು ತೋರಿಸುತ್ತದೆ. ಅದೇ ಕಾಲದಲ್ಲಿ ಡೈನೋಸಾರ್‌ಗಳು ಅಳಿದವಲ್ಲವೇ ಎಂದು ಕೆಲವರು ಕೇಳಬಹುದು. ಅದಕ್ಕೆ ಮುಖ್ಯ ಕಾರಣ ಅಪ್ಪಳಿಸಿದ ಕ್ಷುದ್ರಗ್ರಹ. ಇಂಥ ತಿರುವು ನೂರಾರು ಸಲ ಆಗಿದೆ. ಕೊನೆಯದು ಸುಮಾರು 7,80,000 ವರ್ಷಗಳ ಹಿಂದೆ. ಪ್ರತಿ ಸಲವೂ ಜೀವರಾಶಿ ನಾಶವಾಗಿದ್ದರೆ ಇಂದು ಉಳುವ ಎತ್ತೂ ಇರುತ್ತಿರಲಿಲ್ಲ, ಬಿತ್ತುವ ಜೋಳವೂ ಇರುತ್ತಿರಲಿಲ್ಲ.

ಕ್ಷೇತ್ರ ದುರ್ಬಲವಾದರೆ?

19ನೆಯ ಶತಮಾನದಿಂದೀಚೆಗೆ ಭೂಮಿಯ ಕಾಂತಕ್ಷೇತ್ರ ಸುಮಾರು ಶೇ. 10ರಷ್ಟು ಕುಗ್ಗಿರುವುದು ನಿಜ. ಆದರೆ ಇಂಥ ಏರಿಳಿತ ಸಹಜ. ಕುಗ್ಗಿದಾಗಲೆಲ್ಲ ಧ್ರುವ ತಿರುಗುವುದಿಲ್ಲ. ಸುಮಾರು 41,000 ವರ್ಷಗಳ ಹಿಂದೆ ಅದು ಬಹಳವೇ ಕ್ಷೀಣಿಸಿತ್ತು. ಆಗಲೂ ಮನುಷ್ಯರು, ಗಿಡಮರಗಳು ಉಳಿದವು. ನಮ್ಮ ಮೇಲಿನ ಗಾಳಿಯ ತೂಕ ಸುಮಾರು 10 ಮೀಟರ್ ಆಳದ ನೀರಿನ ತೂಕಕ್ಕೆ ಸಮ. ಹೊರಗಿನ ವಿಕಿರಣದ ಬಹುಭಾಗವನ್ನು ಅದೇ ತಡೆಯುತ್ತದೆ.

ತೊಂದರೆ ಏನೂ ಇಲ್ಲವೆಂದಲ್ಲ. ಕ್ಷೇತ್ರ ದುರ್ಬಲವಾದರೆ ಸೌರ ಬಿರುಗಾಳಿಗಳಿಂದ ಉಪಗ್ರಹಗಳಿಗೂ ವಿದ್ಯುತ್ ಜಾಲಕ್ಕೂ ಹಾನಿಯ ಸಂಭವ ಹೆಚ್ಚು. 1989ರ ಮಾರ್ಚ್‌ನಲ್ಲಿ ಅಂಥ ಬಿರುಗಾಳಿಯಿಂದ ಕೆನಡಾದ ಕ್ವಿಬೆಕ್ ಪ್ರಾಂತ್ಯ ಸುಮಾರು 9 ಗಂಟೆ ಕತ್ತಲಲ್ಲಿತ್ತು. ಇದು ಎಂಜಿನಿಯರರು ಎಚ್ಚರ ವಹಿಸಬೇಕಾದ ವಿಷಯ. ರೈತರು ಬಿತ್ತನೆ ನಿಲ್ಲಿಸಲು ಕಾರಣವಲ್ಲ.

ಧ್ರುವ ತಿರುಗಲು ಸಾಮಾನ್ಯವಾಗಿ ಸಾವಿರಾರು ವರ್ಷ ಬೇಕು. ಕಸಿ ಮಾವು ನಾಲ್ಕೈದು ವರ್ಷಕ್ಕೇ ಫಲ ಕೊಡತೊಡಗುತ್ತದೆ. ಆದ್ದರಿಂದ ತೋಡಿದ ಗುಂಡಿಗೆ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿರಿ. ನೆಲ ಚೆನ್ನಾಗಿ ನೆನೆದ ಮೇಲೆ, ಕಸಿ ಕಟ್ಟಿದ ಭಾಗ ಮಣ್ಣಿನ ಮೇಲಿರುವಂತೆ ಸಸಿ ನೆಟ್ಟು, ಆಸರೆಗೆ ಕೋಲು ಕಟ್ಟಿರಿ.